ಯಾವ ಸೇರು?



ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಶಾಲೆಯ ಪ್ರವಾಸದಲ್ಲಿ ನೋಡಿಯೂ ಇರಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲಿಯೇ. ಹಳ್ಳಿಯ ಬದುಕನ್ನು ಆಳೆತ್ತರದ ಬೊಂಬೆಗಳಲ್ಲಿ ಕಂಡರಿಸಿ ನಿಲ್ಲಿಸಿರುವ ತೋಟ ಅದು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನದು. ಕೆಲವು ವರ್ಷಗಳ ಹಿಂದೆ ಹಳೆಯ ಒಕ್ಕಲುತನದ ಸಾಮಾನುಗಳ ಬಗೆಗೆ ಒಂದು ಕಾರ್ಯಕ್ರಮ ಮಾಡಲು ನಾವು ಕ್ಯಾಮೆರಾ ಹೊತ್ತು ಆ ಕಡೆಗೆ ಹೋಗಿದ್ದೆವು. ಒಬ್ಬ ಹಿರಿಯ ಒಕ್ಕಲಿಗರ ಪಡಸಾಲೆಯಲ್ಲಿ ಜೋಳ ಅಳೆಯುವ ದೃಶ್ಯವೊಂದು ಬೇಕಾಗಿತ್ತು. ಎಲ್ಲ ಸಿದ್ಧವಾದ ಮೇಲೆ ನಾನು, "ಅಜ್ಜಾರ, ಒಂದು ಸೇರು ಅಳೀರಿ" ಎಂದೆ.

ಅವರು ಒಳಗೆ ಹೋಗಿ ಎರಡು ಪಾತ್ರೆ ತಂದರು. ಒಂದು ಹಿತ್ತಾಳೆಯದು, ಇನ್ನೊಂದು ತಗಡಿನದು. "ಯಾವ ಸೇರ್ಲೆ ಅಳೀಲ್ರಿ ಸರ? ಇದು ಮನಿ ಸೇರು, ಇದು ಪ್ಯಾಟಿ ಸೇರು" ಎಂದರು.

ನನಗೆ ಹಿತ್ತಾಳೆಯದು ಕ್ಯಾಮೆರಾಕ್ಕೆ ಚೆನ್ನಾಗಿ ಕಂಡಿತು. ಅದನ್ನೇ ತೋರಿಸಿ ಅಳೆಸಿದೆ. ಕಾರ್ಯಕ್ರಮ ಪ್ರಸಾರವಾದಾಗ ಆ ದೃಶ್ಯದ ಕೆಳಗೆ, "1 ಸೇರು = 933 ಗ್ರಾಂ; 1 ಕೊಳಗ = 8 ಸೇರು = ಸುಮಾರು ಏಳೂವರೆ ಕಿಲೋ" ಎಂದು ಅಕ್ಷರ ಬರೆಸಿದ್ದೆ. ಪುಸ್ತಕದಲ್ಲಿ ನೋಡಿ, ಗುಣಾಕಾರವನ್ನು ಎರಡು ಸಲ ತಾಳೆ ಹಾಕಿ ಬರೆಸಿದ್ದು. ವಾರದೊಳಗೆ ಒಂದು ಅಂಚೆ ಕಾರ್ಡು ಬಂತು. ಬರೆದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕರು. "ನಿಮ್ಮ ಗುಣಾಕಾರ ಸರಿ ಇದೆ, ಲೆಕ್ಕ ತಪ್ಪಿದೆ. ತಾವು ತೋರಿಸಿದ್ದು ಅಳೆಯುವ ಸೇರು, ಬರೆದದ್ದು ತೂಗುವ ಸೇರು" ಎಂದಿದ್ದರು. ವಿಜ್ಞಾನದ ಪದವಿ ಪಡೆದವನು ನಾನು. ಗಾತ್ರ ಬೇರೆ, ತೂಕ ಬೇರೆ ಎಂಬುದನ್ನು ಎಂಟನೆಯ ತರಗತಿಯಲ್ಲೇ ಕಲಿತಿದ್ದೆ. ಆದರೂ ತಪ್ಪಿದೆ. ಆ ಕಾರ್ಡು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು. ಅಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಸುಲಭದ ಮಾತು. ಹಳೆಯ ಧಾನ್ಯದ ಅಳತೆಗಳನ್ನು ಒಂದು ಏಣಿಯ ಮೆಟ್ಟಿಲುಗಳೆಂದು ಭಾವಿಸಿರಿ. ಹಳೆಯ ಮೈಸೂರು ಸೀಮೆಯ ವಾಡಿಕೆಯ ಲೆಕ್ಕ ಹೀಗೆ: ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು, ಎರಡು ಸೇರಿಗೆ ಒಂದು ಬಳ್ಳ, ನಾಲ್ಕು ಬಳ್ಳಕ್ಕೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗುಣಿಸಿ ನೋಡಿರಿ: ಒಂದು ಖಂಡುಗಕ್ಕೆ 160 ಸೇರು, ಅಂದರೆ 2560 ಚಟಾಕು. ಕೊಳಗದವರೆಗೆ ಎಲ್ಲವೂ ಎರಡರ, ನಾಲ್ಕರ ಆಟ. ಇದಕ್ಕೆ ಕಾರಣವುಂಟು. ಒಂದು ರಾಶಿಯನ್ನು ಹತ್ತು ಸಮಪಾಲು ಮಾಡುವುದು ಕಷ್ಟ. ಎರಡು ಪಾಲು ಮಾಡುವುದು ಸುಲಭ: ಒಂದೇ ತೆರನ ಎರಡು ಪಾತ್ರೆಗಳಿದ್ದರೆ ಸಾಕು, ತಕ್ಕಡಿಯೂ ಬೇಡ, ಅಕ್ಷರವೂ ಬೇಡ. ಅರ್ಧದ ಅರ್ಧ ಮಾಡಿದರೆ ಕಾಲು, ಅದರ ಅರ್ಧ ಮಾಡಿದರೆ ಅರೆಕಾಲು. ನಮ್ಮ ಅಜ್ಜಿಯಂದಿರು ಕಾಲು, ಅರೆಕಾಲು, ವೀಸಗಳ ಮಗ್ಗಿ ಬಾಯಿಪಾಠ ಮಾಡಿದ್ದು ಇದಕ್ಕೇ.

ಈ ನಾಲ್ಕರ ಏಣಿ ಎಷ್ಟು ಹಳೆಯದು ಗೊತ್ತೇ? ಗೊಟಗೋಡಿಯಿಂದ ಹೆಚ್ಚು ದೂರವಿಲ್ಲದ ಬಂಕಾಪುರಕ್ಕೆ ಬನ್ನಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕನಾಗಿದ್ದು ಬನವಾಸಿ ನಾಡನ್ನು ಆಳಿದ ಬಂಕೇಶನ ಹೆಸರು ಈ ಊರಿಗೆ ಅಂಟಿದೆ. ಅದೇ ನೃಪತುಂಗನ ಆಶ್ರಯವನ್ನು ಕೊಂಡಾಡುತ್ತ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದನು. ಲೆಕ್ಕಕ್ಕೆ ಇಳಿಯುವ ಮುನ್ನ ಅವನು ಅಳತೆಗಳ ಪರಿಭಾಷೆಯನ್ನು ಕೊಡುತ್ತಾನೆ. ಧಾನ್ಯಕ್ಕೆ ಷೋಡಶಿಕೆ, ಕುಡಹ, ಪ್ರಸ್ಥ, ಆಢಕ, ದ್ರೋಣ, ಮಾನಿ, ಖಾರಿ ಎಂಬ ಏಳು ಹೆಸರು. ಪ್ರತಿಯೊಂದೂ ಹಿಂದಿನದರ ನಾಲ್ಕರಷ್ಟು. ಒಂದು ಖಾರಿಗೆ 4096 ಷೋಡಶಿಕೆ. ಅಲ್ಲಿಂದ ಮೇಲೆ ಏಣಿಯ ಅಂತರ ಬದಲಾಗುತ್ತದೆ: ಐದು ಖಾರಿಗೆ ಒಂದು ಪ್ರವರ್ತಿಕೆ. ನಮ್ಮ ಕೊಳಗದಿಂದ ಖಂಡುಗಕ್ಕೆ ಹೋಗುವಾಗ ಇಪ್ಪತ್ತು ಬಂದಂತೆಯೇ ಇದೂ. ಮನೆಯೊಳಗಿನ ಅಳತೆ ಅರ್ಧ ಮಾಡುತ್ತ ಸಾಗುತ್ತದೆ. ಕಣದ ಅಳತೆಯಲ್ಲಿ ಕೈಬೆರಳಿನ ಎಣಿಕೆ ಸೇರಿಕೊಳ್ಳುತ್ತದೆ ಎಂಬುದು ನನ್ನ ಊಹೆ.

ಆದ್ದರಿಂದ ಏಣಿಯ ಒಳಗೆ ಮಾಡುವ ಪರಿವರ್ತನೆ ಗಟ್ಟಿಯಾದದ್ದು. ಮೂರು ಖಂಡುಗ ಐದು ಕೊಳಗ ಎಂದರೆ ಅರವತ್ತೈದು ಕೊಳಗ, ಅದರಲ್ಲಿ ಅನುಮಾನವಿಲ್ಲ. ತೊಡಕು ಇರುವುದು ಏಣಿಯನ್ನು ನೆಲಕ್ಕೆ ಊರುವಲ್ಲಿ. ಸೇರು ಎಂದರೆ ಎಷ್ಟು?

ಇಲ್ಲಿ ಆ ಶಿಕ್ಷಕರು ಹೇಳಿದ ಮಾತಿಗೆ ಬರೋಣ. ನಾನು ಬರೆಸಿದ 933 ಗ್ರಾಂ ಎಲ್ಲಿಯದು? 1939ರಲ್ಲಿ ಬ್ರಿಟಿಷ್ ಸರಕಾರ ತೂಕಗಳ ಕಾಯ್ದೆ ಮಾಡಿ, 180 ಗ್ರೇನಿಗೆ ಒಂದು ತೊಲೆ, 80 ತೊಲೆಗೆ ಒಂದು ಸೇರು, 40 ಸೇರಿಗೆ ಒಂದು ಮಣ ಎಂದು ನಿಗದಿಪಡಿಸಿತು. ತೊಲೆ ಎಂದರೆ 11.66 ಗ್ರಾಂ, ಅದರ ಎಂಬತ್ತರಷ್ಟು 933 ಗ್ರಾಂ. ಇದು ತಕ್ಕಡಿಯ ಸೇರು. ಇದು ಕೂಡ ಎಲ್ಲೆಡೆ ಒಂದೇ ಆಗಿರಲಿಲ್ಲ. ಹಳೆಯ ಮುಂಬಯಿ ಮಣ 28 ಪೌಂಡಿನದು, ಅದರ ನಲವತ್ತನೆಯ ಒಂದು ಪಾಲಾದ ಸೇರು ಸುಮಾರು 318 ಗ್ರಾಂ. ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರು 84 ರೂಪಾಯಿ ತೂಕದ್ದು, 980 ಗ್ರಾಂ. ಬೆಳ್ಳಿ ರೂಪಾಯಿಯೇ ಆಗ ತೂಕದ ಬಟ್ಟು. ಒಂದು ರೂಪಾಯಿಗೆ ಒಂದು ತೊಲೆ.

ಅಜ್ಜನ ಹಿತ್ತಾಳೆಯ ಸೇರು ಇವುಗಳಲ್ಲಿ ಯಾವುದೂ ಅಲ್ಲ. ಅದು ಹಿಡಿಸುವ ಸೇರು. ಅದರಲ್ಲಿ ಅಕ್ಕಿ ತುಂಬಿದರೆ ಒಂದು ತೂಕ, ಭತ್ತ ತುಂಬಿದರೆ ಇನ್ನೊಂದು. ಒಂದು ಲೀಟರು ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಹೊಟ್ಟು ಸುತ್ತಿದ ಭತ್ತ 600 ಗ್ರಾಮಿನ ಹತ್ತಿರ ನಿಲ್ಲುತ್ತದೆ. ಎರಡು ಸೇರು ಭತ್ತ ಕುಟ್ಟಿದರೆ ಒಂದು ಸೇರು ಅಕ್ಕಿ ಎಂಬ ಹಿರಿಯರ ಲೆಕ್ಕವನ್ನು ಇದರಿಂದಲೇ ತಾಳೆ ನೋಡಬಹುದು: ಎರಡು ಲೀಟರು ಭತ್ತ 1200 ಗ್ರಾಂ, ಅದರಲ್ಲಿ ಮೂರನೆಯ ಎರಡು ಪಾಲು ಅಕ್ಕಿ ಎಂದರೆ 800 ಗ್ರಾಂ, ಅಂದರೆ ಒಂದು ಲೀಟರು. ಭಲೇ ಎನ್ನಬೇಕು.

ಹಾಗಾದರೆ ತೂಕದ ಸೇರಿಗೂ ಹಿಡಿಸುವ ಸೇರಿಗೂ ನಂಟೇ ಇಲ್ಲವೇ? ಇದೆ, ಮತ್ತು ಅದು ನನಗೆ ಈ ಇಡೀ ಹುಡುಕಾಟದಲ್ಲಿ ಅತ್ಯಂತ ಇಷ್ಟವಾದ ಸಂಗತಿ. ದಕ್ಷಿಣ ಭಾರತದಲ್ಲಿ ಅಳತೆಯ ಪಾತ್ರೆಯನ್ನು ನಿಗದಿಪಡಿಸಲು ಒಂಬತ್ತು ಬಗೆಯ ಧಾನ್ಯಗಳನ್ನು ಸಮಸಮವಾಗಿ ಬೆರೆಸುತ್ತಿದ್ದರು. ಆ ಮಿಶ್ರಣದಿಂದ ಗೊತ್ತಾದಷ್ಟು ರೂಪಾಯಿ ತೂಕವನ್ನು ತೂಗಿ ತೆಗೆದು, ಅದು ಬಾಯಿಮಟ್ಟಕ್ಕೆ ಸರಿಯಾಗಿ ತುಂಬುವ ಪಾತ್ರೆಯೇ ಸೇರು ಎಂದು ಮುದ್ರೆ ಒತ್ತುತ್ತಿದ್ದರು. ಏಕೆ ಒಂಬತ್ತು? ಒಂದೇ ಧಾನ್ಯವನ್ನು ನಂಬಿದರೆ ಈ ವರ್ಷದ ಅಕ್ಕಿ ಸಣ್ಣದು, ಮುಂದಿನ ವರ್ಷದ್ದು ದಪ್ಪ. ಒಂದು ಊರಿನದು ಒಣಗಿದ್ದು, ಇನ್ನೊಂದರದು ಹಸಿ. ಒಂಬತ್ತನ್ನು ಬೆರೆಸಿದರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಸರಿದೂಗಿಸುತ್ತದೆ. ನಿಮ್ಮ ಪ್ರಯೋಗಶಾಲೆಯಲ್ಲಿ ಹಲವು ಸಲ ಅಳೆದು ಸರಾಸರಿ ತೆಗೆಯಿರಿ ಎಂದು ಅಧ್ಯಾಪಕರು ಹೇಳುವುದಿಲ್ಲವೇ? ಸರಾಸರಿಯನ್ನು ಕಾಳಿನಲ್ಲೇ ತೆಗೆದ ಜನ ಅವರು. ಮೈಸೂರು ಪಕ್ಕಾ ಸೇರಿನ 84 ರೂಪಾಯಿ ತೂಕಕ್ಕೆ ಈ ಲೆಕ್ಕ ಹಾಕಿ, ಮಿಶ್ರಣ ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ ಎಂದು ಹಿಡಿದರೆ, ಹಿಡಿಸುವ ಸೇರು ಒಂದೂಕಾಲು ಲೀಟರಿಗೆ ತುಸು ಕಡಿಮೆ ಬರುತ್ತದೆ. ಎಂಟು ಸೇರಿನ ಕೊಳಗ ಹತ್ತು ಲೀಟರಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಅಕ್ಕಿಯಾದರೆ ಏಳೂಮುಕ್ಕಾಲು ಕಿಲೋ, ಭತ್ತವಾದರೆ ಆರು ಕಿಲೋಕ್ಕೂ ಕಡಿಮೆ. ನನ್ನ ಏಳೂವರೆ ಕಿಲೋ ಅಕ್ಕಿಯ ಹತ್ತಿರ ಬಂದದ್ದು ಅದೃಷ್ಟವೇ ಹೊರತು ಜಾಣತನವಲ್ಲ.

ಈಗ ನಕ್ಷೆಯನ್ನು ಬಿಡಿಸಿ ನೋಡಿರಿ. ಇಂದಿನ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಹಿರೇಕೆರೂರಿನಿಂದ ತೆಂಕಣಕ್ಕೆ ಶಿಕಾರಿಪುರದ ಕಡೆ ನಡೆದರೆ ಮೈಸೂರು ಸಂಸ್ಥಾನ. ಭಾಷೆ ಒಂದೇ, ಬೀಗತನ ಅತ್ತಿತ್ತ, ಎತ್ತಿನ ಗಾಡಿಗಳು ಎರಡೂ ಕಡೆಯ ಸಂತೆಗೆ. ಆದರೆ ಮುಂಬಯಿ ಕಡೆಯ ಏಣಿ ಬೇರೆ: ನಾಲ್ಕು ಸೇರಿಗೆ ಒಂದು ಪಾಯಲಿ, ಹದಿನಾರು ಪಾಯಲಿಗೆ ಒಂದು ಫರಾ, ಎಂಟು ಫರಾಕ್ಕೆ ಒಂದು ಖಂಡಿ. ಲೆಕ್ಕ ಹಾಕಿರಿ, ಒಂದು ಖಂಡಿಗೆ 512 ಸೇರು. ಮೈಸೂರಿನ ಖಂಡುಗಕ್ಕೆ 160. ಖಂಡಿ, ಖಂಡುಗ ಎಂಬ ಹೆಸರುಗಳು ಒಂದೇ ಮನೆತನದವು. ಹೆಸರಿನ ನಂಟನ್ನು ನಂಬಿ ಒಂದರ ಬದಲು ಇನ್ನೊಂದನ್ನು ಬರೆದರೆ ಮೂರು ಪಟ್ಟಿಗಿಂತ ಹೆಚ್ಚು ಅಂತರ. ಸೇರುಗಳೂ ಒಂದೇ ಗಾತ್ರದವಲ್ಲ ಎಂಬುದನ್ನು ನೆನಪಿಡಿ, ಗೊಂದಲ ಇನ್ನೂ ಬೆಳೆಯುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ನಮ್ಮ ಹಾನಗಲ್ಲಿನ ನೆರೆಯ ಬನವಾಸಿಗೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಸಂಪುಟಗಳನ್ನು ತೆರೆದರೆ, ಊರಿಂದ ಊರಿಗೆ ಬೆಳೆ, ಗೇಣಿ, ಬೆಲೆ ಬರೆಯುವಾಗ ಅಲ್ಲಲ್ಲಿಯ ಅಳತೆಯನ್ನೂ ಕೇಳಿ ಬರೆದುಕೊಂಡಿರುವುದು ಕಾಣುತ್ತದೆ. ಹಾಗೆ ಕೇಳಿ ಬರೆಯದಿದ್ದರೆ ಅವನ ಅಂಕಿಗಳು ಇಂದು ನಮಗೆ ಉಪಯೋಗಕ್ಕೇ ಬರುತ್ತಿರಲಿಲ್ಲ.

ಇಷ್ಟಾದರೂ ಇದು ಬುದ್ಧಿಯ ಕಸರತ್ತು ಎಂದು ನಿಮಗೆ ಅನ್ನಿಸಬಹುದು. ಸೇರು ಹೆಚ್ಚು ಕಡಿಮೆಯಾದರೆ ಯಾರಿಗೇನು ನಷ್ಟ? ಈ ಪ್ರಶ್ನೆಗೆ ಉತ್ತರ ಕೊಳಗದ ಬಾಯಿಯ ಮೇಲಿದೆ.

ಧಾನ್ಯವನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಕೋಲಿನಿಂದಲೋ ಅಂಗೈಯಿಂದಲೋ ಬಾಯಿಮಟ್ಟಕ್ಕೆ ಸವರಿ ಅಳೆಯುವುದು ಒಂದು. ಮೇಲೆ ಗೋಪುರ ನಿಲ್ಲುವಷ್ಟು ಸುರಿದು ಅಳೆಯುವುದು ಇನ್ನೊಂದು. ಗೋಪುರದಲ್ಲಿ ಎಷ್ಟು ಕಾಳು ನಿಂತೀತು? ನೀವು ಶಂಕುವಿನ ಘನಫಲ ಕಲಿತಿದ್ದೀರಲ್ಲ, ಬಳಸಿರಿ. ಸುರಿದ ಕಾಳು ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಭತ್ತ ಇನ್ನೂ ಸ್ವಲ್ಪ ಕಡಿದಾಗಿಯೇ ನಿಲ್ಲುತ್ತದೆ. ಆಗ ಗೋಪುರದ ಎತ್ತರ ಬಾಯಿಯ ತ್ರಿಜ್ಯದ 0.577ರಷ್ಟು. ಪಾತ್ರೆಯ ಆಳ ಅದರ ವ್ಯಾಸದಷ್ಟೇ ಇದ್ದರೆ ಗೋಪುರದಲ್ಲಿ ನಿಲ್ಲುವುದು ಪಾತ್ರೆಯ ಗಾತ್ರದ ನೂರಕ್ಕೆ ಹತ್ತು. ಅದೇ ಗಾತ್ರದ ಪಾತ್ರೆಯನ್ನು ಅಗಲವಾಗಿ ಮಾಡಿಸಿ, ಆಳ ತ್ರಿಜ್ಯದಷ್ಟು ಮಾತ್ರ ಇರುವಂತೆ ಮಾಡಿದರೆ? ನೂರಕ್ಕೆ ಹತ್ತೊಂಬತ್ತು. ನೀರು ತುಂಬಿ ಪರೀಕ್ಷಿಸಿದರೆ ಎರಡೂ ಪಾತ್ರೆ ಸರಿಸಮ. ಕಾಳು ಸುರಿದು ಗೋಪುರ ಕಟ್ಟಿದರೆ ಅಗಲ ಬಾಯಿಯದು ಸದ್ದಿಲ್ಲದೆ ಹೆಚ್ಚು ನುಂಗುತ್ತದೆ. ಅಳೆಯುವಾಗ ಪಾತ್ರೆಯನ್ನು ನೆಲಕ್ಕೆ ಕುಟ್ಟಿ ಕುಲುಕಿದರೆ ಕಾಳು ಒತ್ತಿಕೊಂಡು ಇನ್ನಷ್ಟು ಹಿಡಿಸುತ್ತದೆ. ಕೊಡುವಾಗ ಸವರಿ, ತೆಗೆದುಕೊಳ್ಳುವಾಗ ಕುಲುಕಿ ಗೋಪುರ ಕಟ್ಟಿದರೆ ಸಾಕು, ಸುಳ್ಳು ಬರೆಯುವ ಅಗತ್ಯವೇ ಇಲ್ಲ. ಖಾತೆಯಲ್ಲಿ ಹತ್ತು ಕೊಳಗ ಹೋಗಿ ಹತ್ತು ಕೊಳಗ ಬಂದಿರುತ್ತದೆ.

ಈ ಕೊಳಗದ ಮೇಲೆಯೇ ನಮ್ಮ ನಾಡಿನಲ್ಲಿ ಒಂದು ಚಳವಳಿ ನಡೆಯಿತು. ಹಿರೇಕೆರೂರು, ಹಾನಗಲ್ಲಗಳಿಂದ ತೆಂಕಣ-ಪಡುವಣಕ್ಕೆ, ಸೊರಬ ದಾಟಿದರೆ ಸಾಗರ ತಾಲೂಕು. ಅಲ್ಲಿಯ ಕಾಗೋಡು ಗ್ರಾಮದ ಗೇಣಿದಾರರು ಜಮೀನುದಾರರಿಗೆ ಭತ್ತದ ರೂಪದಲ್ಲಿ ಗೇಣಿ ಅಳೆಯುತ್ತಿದ್ದರು. ಗೇಣಿ ಅಳೆದುಕೊಳ್ಳುವ ಕೊಳಗ ಗೊತ್ತಾದ ಅಳತೆಗಿಂತ ದೊಡ್ಡದು ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ತಕರಾರನ್ನು ಎತ್ತಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಗೇಣಿದಾರರು ತಮ್ಮ ಕೈತಪ್ಪಿದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಮತ್ತು ಅವರ ಸಮಾಜವಾದಿ ಸಂಗಾತಿಗಳು ಜೊತೆಗೂಡಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದ ಮೇಲೆ ಈ ಪುಟ್ಟ ಊರಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿ ಬಂದರು. ಉಳುವವನಿಗೆ ಭೂಮಿ ಎಂಬ ಮಾತು 1974ರ ಭೂಸುಧಾರಣೆಯಲ್ಲಿ ಕಾನೂನಾಗುವವರೆಗಿನ ದಾರಿಯಲ್ಲಿ ಕಾಗೋಡು ಒಂದು ದೊಡ್ಡ ಮೈಲಿಗಲ್ಲು.

ಕೊಳಗ ಸ್ವಲ್ಪ ದೊಡ್ಡದಾದರೆ ಏನಾಗುತ್ತದೆ ಎಂದು ಲೆಕ್ಕ ಮಾಡಿ ನೋಡೋಣ. ಅಂಕಿ ನನ್ನವು, ತಿಳಿವಳಿಕೆಗಾಗಿ ಮಾತ್ರ. ನೂರು ಕೊಳಗ ಗೇಣಿ ಒಪ್ಪಿಕೊಂಡ ಒಕ್ಕಲು ಒಂದು ಎನ್ನಿ. ಕೊಳಗ ಎಂಟನೆಯ ಒಂದು ಪಾಲು ಮಾತ್ರ ದೊಡ್ಡದು, ಕಣ್ಣಿಗೆ ತೋರುವುದೇ ಇಲ್ಲ. ನೂರು ಸಲ ಅಳೆದ ಮೇಲೆ ಹನ್ನೆರಡೂವರೆ ಕೊಳಗ ಭತ್ತ ಹೆಚ್ಚು ಹೋಯಿತು. ಎಂಟು ಸೇರಿನ ಕೊಳಗವಾದರೆ ಅದು ನೂರು ಸೇರು ಭತ್ತ, ಕುಟ್ಟಿದರೆ ಐವತ್ತು ಸೇರು ಅಕ್ಕಿ. ದಿನಕ್ಕೆ ಒಂದು ಸೇರು ಬೇಯಿಸುವ ಮನೆಯಲ್ಲಿ ಅದು ಐವತ್ತು ದಿನದ ಊಟ. ಮಲೆನಾಡಿನ ಮಳೆಗಾಲದಲ್ಲಿ ಆ ಐವತ್ತು ದಿನ ಯಾವುವು ಎಂದು ನೀವೇ ಯೋಚಿಸಿರಿ. ಅವೇ ದಿನಗಳಿಗೆಂದು ಮತ್ತೆ ಜಮೀನುದಾರರ ಮನೆಯಿಂದಲೇ ಭತ್ತ ಸಾಲ ತರಬೇಕು, ಆಗ ಅಳೆದು ಕೊಡುವ ಕೊಳಗ ಯಾವುದು ಎಂದು ಕೇಳುವ ಧೈರ್ಯ ಯಾರಿಗಿದ್ದೀತು?

ದಶಮಾಂಶ ಪದ್ಧತಿ ಬಂದದ್ದು ಇದರ ಬೆನ್ನಿಗೇ. 1956ರಲ್ಲಿ ಸಂಸತ್ತು ಅಳತೆ ಮತ್ತು ತೂಕಗಳ ಕಾಯ್ದೆ ಮಾಡಿತು, 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ, ಲೀಟರುಗಳು ಪೇಟೆಗೆ ಇಳಿದವು, 1962ರ ಹೊತ್ತಿಗೆ ತೂಕದಲ್ಲಿ ಕಿಲೋ ಕಡ್ಡಾಯವಾಯಿತು. ಕಾಳು ಮಾರುವವರು ಅಳೆಯುವುದನ್ನು ಬಿಟ್ಟು ತೂಗತೊಡಗಿದ್ದೇ ನಿಜವಾದ ಬದಲಾವಣೆ ಎಂದು ನನಗೆ ತೋರುತ್ತದೆ. ತಕ್ಕಡಿಯ ಮೇಲೆ ಗೋಪುರ ಕಟ್ಟಲು ಬರುವುದಿಲ್ಲ. (ತಕ್ಕಡಿಗೆ ಅದರದೇ ಆದ ಕೈಚಳಕಗಳಿವೆ, ಅದು ಬೇರೆ ಕಥೆ.)

ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಸೂಚನೆ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಸೊಲ್ಲಗೆ ಎಣ್ಣೆ, ನೈವೇದ್ಯಕ್ಕೆ ಬಳ್ಳ ಅಕ್ಕಿ, ದೇವರಿಗೆ ಖಂಡುಗ ಗದ್ದೆ ಎಂದು ಬರುತ್ತದೆ. ಈ ಕೊನೆಯ ಖಂಡುಗ ಕಾಳಿನ ಅಳತೆಯಲ್ಲ, ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲ. ಬಿತ್ತುವ ಕೈ ದಟ್ಟವಾದರೆ ನೆಲ ಕಡಿಮೆ, ತೆಳುವಾದರೆ ಹೆಚ್ಚು. ಅದನ್ನು ನೇರವಾಗಿ ಎಕರೆಗೆ ಇಳಿಸಿ ಪರೀಕ್ಷೆಯಲ್ಲಿ ಬರೆದವರನ್ನು ನಾನು ಕಂಡಿದ್ದೇನೆ. ಮೊದಲು ಶಾಸನದ ಒಳಗಿನ ಅನುಪಾತವನ್ನೇ ಹಿಡಿಯಿರಿ: ದೀಪಕ್ಕೆ ಎಷ್ಟು ಪಾಲು, ಪೂಜಾರಿಗೆ ಎಷ್ಟು, ಕಟ್ಟಿಗೆ ತರುವವನಿಗೆ ಎಷ್ಟು. ಲೀಟರಿನ ಮಾತು ಆಮೇಲೆ, ಅದೂ ಆ ಊರಿನ ಸೇರು ಗೊತ್ತಿದ್ದರೆ.

ಕಾರ್ಡು ಬಂದ ಮರುವರ್ಷ ನಾವು ಮತ್ತೆ ಅದೇ ಪಡಸಾಲೆಗೆ ಹೋದೆವು. ಈ ಸಲ ಪ್ರಯೋಗಶಾಲೆಯ ಅಳತೆ ಜಾಡಿಯನ್ನೂ ಒಯ್ದಿದ್ದೆ. ಎರಡೂ ಸೇರಿಗೆ ನೀರು ತುಂಬಿ ನೋಡಿದೆವು. ಸಮ ಬರಲಿಲ್ಲ. ಹಿತ್ತಾಳೆಯದೇ ದೊಡ್ಡದು. ಅಜ್ಜ ನಕ್ಕು, "ಮನಿ ಮಂದಿಗೆ, ಆಯಗಾರರಿಗೆ ಇದರ್ಲೆ ಅಳೀತಿದ್ವಿ. ಪ್ಯಾಟ್ಯಾಗ ಅವರ ಸೇರ್ಲೆ ತೊಗೊಂತಿದ್ರು, ಅದಕ್ಕ ಆ ತಗಡಿಂದು ತಂದಿಟ್ಟದ್ದು, ತಾಳಿ ನೋಡಾಕ" ಎಂದರು. ಆಮೇಲೆ ಕ್ಯಾಮೆರಾ ತಿರುಗುತ್ತಿರುವಾಗ ಜೋಳ ಅಳೆದರು. ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎಂದರು, ನಂತರ ಎರಡು, ಮೂರು. ಈ ಸಲ ತೆರೆಯ ಕೆಳಗೆ ಗ್ರಾಮಿನ ಲೆಕ್ಕ ಬರೆಸಲಿಲ್ಲ. "ಗೊಟಗೋಡಿಯ ಒಂದು ಮನೆಯ ಸೇರು, ಬಾಯಿಮಟ್ಟ ಸವರಿದ್ದು" ಎಂದಷ್ಟೇ ಬರೆಸಿದೆ.

ನಿಮ್ಮ ಮನೆಯಲ್ಲಿ, ಅಜ್ಜಿಯ ಮನೆಯಲ್ಲಿ ಹಳೆಯ ಸೇರು, ಪಾವು, ಬಳ್ಳ, ಕೊಳಗ ಇದ್ದರೆ ಒಂದು ಕೆಲಸ ಮಾಡಿರಿ. ಬಾಯಿಯ ಅಗಲ, ಒಳಗಿನ ಆಳ ಅಳೆಯಿರಿ. ನೀರು ಸೋರದ ಪಾತ್ರೆಯಾದರೆ ಲೀಟರಿನ ಬಾಟಲಿಯಿಂದ ನೀರು ಹಾಕಿ, ಮರದ್ದಾದರೆ ಅಕ್ಕಿ ಹಾಕಿ ಗಾತ್ರ ತಿಳಿಯಿರಿ. ಸವರಿ ಒಮ್ಮೆ, ಗೋಪುರ ಕಟ್ಟಿ ಒಮ್ಮೆ ಅಕ್ಕಿಯನ್ನು ತೂಗಿ ನೋಡಿರಿ. ಪಾತ್ರೆಯ ಮೇಲೆ ಮುದ್ರೆಯೋ ಅಕ್ಷರವೋ ಇದ್ದರೆ ಇದ್ದ ಹಾಗೆಯೇ ಬರೆದುಕೊಳ್ಳಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದರಿಂದ ಯಾರಿಗೆ ಅಳೆಯುತ್ತಿದ್ದರು, ಯಾರಿಂದ ಅಳೆದುಕೊಳ್ಳುತ್ತಿದ್ದರು ಎಂದು ಕೇಳಿರಿ. ಊರು, ತಾಲೂಕು ನಮೂದಿಸಿ ಕಾರ್ಯಕ್ರಮದ ವಿಳಾಸಕ್ಕೆ ಕಳಿಸಿರಿ. ಕಾರ್ಡಿನಲ್ಲಿ ಹಿಡಿಸದಿದ್ದರೆ ಇನ್‌ಲ್ಯಾಂಡ್ ಪತ್ರ ಬಳಸಬಹುದು.